ಆಕಾಶದ ಬೆಳಕಿಗೂ ಒಂದು ವೋಚರ್ ಬೇಕು



ಕಳೆದ ತಿಂಗಳು ಮಳೆ ಬಿಡುವು ಕೊಟ್ಟ ಒಂದು ಸಂಜೆ, ಮಗ್ರಿಬ್ ನಮಾಜು ಮುಗಿದ ಹೊತ್ತಿನಲ್ಲಿ, ನಮ್ಮ ಊರಿನ ಆಕಾಶದಲ್ಲಿ ಒಂದು ಬೆಳಕು ಕಾಣಿಸಿ ಅರ್ಧ ನಿಮಿಷದೊಳಗೆ ಮರೆಯಾದದ್ದು ನಿಮಗೆಲ್ಲ ಗೊತ್ತೇ ಇದೆ. ಒಂದು ವಾರ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಕಾರಿಡಾರಿನಲ್ಲಿ ಅದೇ ಮಾತು. ಈಗ ಮಾತು ತಣ್ಣಗಾಗಿದೆ. ಬಿಸಿಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಇಷ್ಟು ದಿನ ಕಾದು ಈಗ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಆಕಾಶದಲ್ಲಿ ಅರ್ಥವಾಗದ ಬೆಳಕು ಕಂಡರೆ ಮೊದಲು ಬರೆದಿಟ್ಟುಕೊಳ್ಳಬೇಕು. ಆಮೇಲೆ ಬೇರೆಯವರನ್ನು ಕೇಳಬೇಕು. ಕೇಳಿದ ಮೇಲೂ ಉತ್ತರ ಸಿಗದಿದ್ದರೆ ‘ಗೊತ್ತಾಗಿಲ್ಲ’ ಎಂದು ಧೈರ್ಯವಾಗಿ ಹೇಳಬೇಕು. ನಾವು ಈ ಮೂರನ್ನೂ ಬಿಟ್ಟು ಮೊದಲು ಹೆಸರಿಟ್ಟೆವು, ಆಮೇಲೆ ಫಾರ್ವರ್ಡ್ ಮಾಡಿದೆವು. ಅದರಿಂದ ಏನಾಯಿತು ಎಂದು ಎಲ್ಲರಿಗೂ ತಿಳಿದಿಲ್ಲ. ಅದಕ್ಕೇ ಈ ಲೇಖನ.

ಅಂದು ರಾತ್ರಿ ಎಂಟರ ಹೊತ್ತಿಗೆ ನನ್ನ ಮೊಬೈಲಿಗೆ ಮೂರು ಗ್ರೂಪುಗಳಿಂದ ಸುದ್ದಿ ಬಂದಿತ್ತು. ಮೊದಲನೆಯದರಲ್ಲಿ ‘ಆಕಾಶದಲ್ಲಿ ಬೆಳಕು’ ಎಂದಿತ್ತು. ಎರಡನೆಯದರಲ್ಲಿ ‘ಬೆಂಕಿಯ ಉಂಡೆ’ ಎಂದಾಗಿತ್ತು. ಮೂರನೆಯದರಲ್ಲಿ ‘ಡ್ರೋನ್ ಹಾರುತ್ತಿದೆ, ಎಚ್ಚರ’ ಎಂದು ಬರೆದು ಒಂದು ಮೊಹಲ್ಲಾದ ಹೆಸರನ್ನೂ ಸೇರಿಸಿದ್ದರು. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ನಾನಿ ಅಂಗಳದಲ್ಲಿ ನಿಂತು ನೋಡಿ ‘ಅಂಗಾರೇ ಜೈಸಾ’ ಎಂದಿದ್ದರು, ಅಂದರೆ ಕೆಂಡದ ಹಾಗೆ ಎಂದು. ಅವರು ಹೇಳಿದ್ದು ಬಣ್ಣದ ಮಾತು. ಅಂಥ ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ, ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೋಗುವಾಗ ‘ಹಾಗೆ’ ಎಂಬ ಪದ ಎಲ್ಲೋ ಬಿದ್ದುಹೋಗುತ್ತದೆ. ಕೆಂಡ ಮಾತ್ರ ಉಳಿಯುತ್ತದೆ.

ಆ ಮೊಹಲ್ಲಾದಲ್ಲಿ ಮದುವೆಗಳಿಗೆ ಫೋಟೊ, ವಿಡಿಯೊ ತೆಗೆಯುವ ಒಬ್ಬ ಹುಡುಗನಿದ್ದಾನೆ. ನಮ್ಮ ಕಾಲೇಜಿನಲ್ಲೇ ಓದಿ ಹೋದವನು. ಸಾಲ ಮಾಡಿ ಒಂದು ಸಣ್ಣ ಡ್ರೋನ್ ಕ್ಯಾಮೆರಾ ತಂದಿದ್ದಾನೆ. ಆ ರಾತ್ರಿ ಒಂಬತ್ತೂವರೆಗೆ ನಾಲ್ಕೈದು ಜನ ಅವನ ಮನೆ ಬಾಗಿಲಿಗೆ ಬಂದು ‘ಏನು ಹಾರಿಸಿದೆ, ಯಾರು ಹೇಳಿ ಹಾರಿಸಿದೆ’ ಎಂದು ಕೇಳಿದರು. ಡ್ರೋನ್ ಆ ವಾರ ರಿಪೇರಿಗೆ ಹೋಗಿತ್ತು. ಅಂಗಡಿಯವರು ಕೊಟ್ಟ ಚೀಟಿಯನ್ನು ಅವನು ತೋರಿಸಿದ. ಚೀಟಿ ಇದ್ದದ್ದರಿಂದ ಮಾತು ಅಲ್ಲಿಗೇ ನಿಂತಿತು. ಇಲ್ಲದಿದ್ದರೆ? ಅವನ ಅಮ್ಮಿ ಆ ಮೇಲೆ ಎರಡು ದಿನ ಅವನನ್ನು ಕೆಲಸಕ್ಕೆ ಕಳಿಸಲಿಲ್ಲ. ಒಂದು ಮದುವೆಯ ಆರ್ಡರ್ ಕೈತಪ್ಪಿತು. ಅರ್ಧ ನಿಮಿಷದ ಬೆಳಕಿಗೆ ಊರಿನ ಒಬ್ಬ ಹುಡುಗನನ್ನು ಮಾಲೀಕನನ್ನಾಗಿ ಮಾಡಿಬಿಟ್ಟೆವು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಅಕೌಂಟೆನ್ಸಿಯಲ್ಲಿ ನಮಗೆ ಮೊದಲ ತಿಂಗಳಲ್ಲೇ ಕಲಿಸುವ ಪಾಠ, ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಹಣ ಬಂತು ಎಂದು ಬರೆಯಬೇಕಾದರೆ ರಸೀದಿ ಬೇಕು, ಹೋಯಿತು ಎಂದು ಬರೆಯಬೇಕಾದರೆ ಬಿಲ್ಲು ಬೇಕು. ಚೀಟಿ ತೋರಿಸಬೇಕಾದವರು ಎಂಟ್ರಿ ಬರೆದವರು. ಅಂದು ನಡೆದದ್ದು ಉಲ್ಟಾ. ‘ಡ್ರೋನ್’ ಎಂದು ಎಂಟ್ರಿ ಬರೆದವರಲ್ಲಿ ಒಬ್ಬರೂ ವೋಚರ್ ತೋರಿಸಲಿಲ್ಲ. ತಾನು ಹಾರಿಸಿಲ್ಲ ಎಂಬುದಕ್ಕೆ ಆ ಹುಡುಗ ರಸೀದಿ ತೋರಿಸಬೇಕಾಯಿತು.

ಆದ್ದರಿಂದ ಆ ಬೆಳಕಿನ ಲೆಕ್ಕವನ್ನು ಮೊದಲಿನಿಂದ ಬರೆದು ನೋಡೋಣ ಎಂದುಕೊಂಡೆ. ಕಂಡವರು ಎಂದು ಗೊತ್ತಾದ 14 ಜನರನ್ನು ಕೇಳಿದೆ. ಎಲ್ಲರಿಗೂ ಅದೇ ಆರು ಪ್ರಶ್ನೆ. ಎಲ್ಲಿ ನಿಂತಿದ್ದಿರಿ? ಎಷ್ಟು ಗಂಟೆ, ಅದು ಹೇಗೆ ಗೊತ್ತು? ಯಾವ ದಿಕ್ಕು? ನೆಲದಿಂದ ಎಷ್ಟು ಮೇಲೆ? ಎಷ್ಟು ಹೊತ್ತು ಕಂಡಿತು? ಶಬ್ದ ಇತ್ತೇ, ಮಿನುಗುತ್ತಿತ್ತೇ?

‘ಅದು ಏನು ಎಂದು ನಿಮಗೆ ಅನ್ನಿಸಿತು’ ಎಂದು ನಾನು ಯಾರನ್ನೂ ಕೇಳಲಿಲ್ಲ. ಆದರೂ 14ರಲ್ಲಿ ಒಂಬತ್ತು ಜನ ಮೊದಲು ಅದನ್ನೇ ಹೇಳಿದರು. ಸಮಯದ ಉತ್ತರಗಳು 6 ಗಂಟೆ 40 ನಿಮಿಷದಿಂದ 7 ಗಂಟೆ 15 ನಿಮಿಷದವರೆಗೆ ಹರಡಿಕೊಂಡವು. ಎಷ್ಟು ಹೊತ್ತು ಎಂಬುದಕ್ಕೆ ‘ಕಣ್ಣು ಮಿಟುಕಿಸುವಷ್ಟು’ ಎಂದವರೂ ಇದ್ದರು, ‘ಐದು ನಿಮಿಷ’ ಎಂದವರೂ ಇದ್ದರು. ಯಾರೂ ಸುಳ್ಳು ಹೇಳಲಿಲ್ಲ. ಬರೆದಿಟ್ಟುಕೊಳ್ಳದ ನೆನಪು ಒಂದು ವಾರದಲ್ಲಿ ಹೀಗೇ ಆಗುತ್ತದೆ.

ಇವರಲ್ಲಿ ಮೂರು ಸಾಕ್ಷಿಗಳು ಗಟ್ಟಿಯಾಗಿದ್ದವು. ಮೊದಲನೆಯದು ಒಬ್ಬ ಸಹಪಾಠಿಯ ಅಣ್ಣ ತೆಗೆದ ಫೋಟೊ. ಅದರಲ್ಲಿ ಒಂದು ಬಿಳಿ ಚುಕ್ಕೆ ಬಿಟ್ಟರೆ ಏನೂ ಇಲ್ಲ. ಆದರೆ ಮೊಬೈಲ್ ತನ್ನಷ್ಟಕ್ಕೆ ಸಮಯ ಬರೆದಿಟ್ಟಿತ್ತು: 7 ಗಂಟೆ 4 ನಿಮಿಷ.

ಎರಡನೆಯದು ನಮ್ಮ ಬೀದಿಯ ಒಬ್ಬ ಹಿರಿಯ ಚಾಚಾ ಹೇಳಿದ್ದು. ಅವರು ಮಸೀದಿಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ‘ನೀರಿನ ಟ್ಯಾಂಕಿನ ನೇರಕ್ಕೆ, ಉತ್ತರದಲ್ಲಿ. ಎಡದಿಂದ ಬಲಕ್ಕೆ ಹೋಯಿತು. ಶಬ್ದ ಇಲ್ಲ, ಮಿನುಗು ಇಲ್ಲ. ನಾನು ಆಯತುಲ್ ಕುರ್ಸಿ ಶುರು ಮಾಡಿದೆ, ಓದಿ ಮುಗಿಸುವಷ್ಟರಲ್ಲಿ ಮಂಕಾಗಿ ಆರಿಹೋಯಿತು’ ಎಂದರು. ಅವರನ್ನು ಮತ್ತೆ ಅದೇ ಮೆಟ್ಟಿಲ ಮೇಲೆ ನಿಲ್ಲಿಸಿ, ಕೈ ಚಾಚಿ ಮುಷ್ಟಿ ಹಿಡಿದು ಅಳೆಯಲು ಹೇಳಿದೆ. ನೆಲದ ಅಂಚಿನಿಂದ ಮೂರು ಮುಷ್ಟಿ ಮೇಲೆ ಎಂದು ತೋರಿಸಿದರು. ಪೂರ್ತಿ ಚಾಚಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಅಂದರೆ 30 ಡಿಗ್ರಿ. ಆಯತುಲ್ ಕುರ್ಸಿಯನ್ನು ಅವರ ವೇಗದಲ್ಲೇ ಇನ್ನೊಮ್ಮೆ ಓದಿಸಿ ಗಡಿಯಾರ ನೋಡಿದೆ. 27 ಸೆಕೆಂಡು.

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದ್ದಕ್ಕೆ ಚಾಚಾ ನಕ್ಕರು. ‘ಬೇಟಾ, ನಲವತ್ತು ವರ್ಷದಿಂದ ಚಾಂದ್ ನೋಡುತ್ತಿದ್ದೇನೆ’ ಎಂದರು.

ನಮ್ಮ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ರಮಜಾನಿನ 29ನೇ ಸಂಜೆ ಹುಡುಗರೆಲ್ಲ ತಾರಸಿ ಹತ್ತುತ್ತೇವೆ. ಯಾರೋ ಒಬ್ಬ ‘ಕಂಡಿತು’ ಎಂದು ಕೂಗುತ್ತಾನೆ. ಅಷ್ಟಕ್ಕೇ ಈದ್ ಆಗುವುದಿಲ್ಲ. ಚಂದ್ರ ಕಂಡೆ ಎಂದು ಬಂದವರನ್ನು ರೂಯತೆ ಹಿಲಾಲ್ ಸಮಿತಿಯ ಹಿರಿಯರು ಕೂರಿಸಿ ಕೇಳುತ್ತಾರೆ. ಎಲ್ಲಿ ನಿಂತು ನೋಡಿದೆ? ಸೂರ್ಯ ಮುಳುಗಿ ಎಷ್ಟು ಹೊತ್ತಾಗಿತ್ತು? ಚಂದ್ರನ ಕೊಂಬು ಯಾವ ಕಡೆಗಿತ್ತು? ಎಷ್ಟು ಎತ್ತರದಲ್ಲಿತ್ತು? ನಿನ್ನ ಜೊತೆ ಬೇರೆ ಯಾರು ಕಂಡರು? ಎಳೆ ಚಂದ್ರನ ಬೆಳಗಿದ ಬದಿ ಯಾವಾಗಲೂ ಮುಳುಗಿದ ಸೂರ್ಯನ ಕಡೆಗೇ ಇರುತ್ತದೆ. ಕೊಂಬು ಕೆಳಗಿತ್ತು ಎಂದು ಹೇಳಿದವನು ಕಂಡದ್ದು ಚಂದ್ರನಲ್ಲ, ಮೋಡದ ಅಂಚೋ ವಿಮಾನದ ಹೊಗೆಯೋ ಆಗಿರಬೇಕು. ಅವನನ್ನು ಯಾರೂ ಬೈಯುವುದಿಲ್ಲ. ಸಾಕ್ಷಿ ನಿಲ್ಲಲಿಲ್ಲ ಎನ್ನುತ್ತಾರೆ, ಅಷ್ಟೇ. ಸಾಕ್ಷಿ ಸಿಗದಿದ್ದರೆ ತಿಂಗಳ 30 ದಿನ ಪೂರ್ತಿ ಮಾಡುತ್ತೇವೆ. ‘ಚಾಂದ್ ನಜರ್ ನಹೀಂ ಆಯಾ’ ಎಂದು ಮಸೀದಿಯ ಮೈಕಿನಲ್ಲಿ ಹೇಳಲು ಯಾರಿಗೂ ನಾಚಿಕೆ ಇಲ್ಲ.

ಒಂದು ಬೆಳಕನ್ನು ಕಂಡೆ ಎನ್ನುವವನನ್ನು ಹೇಗೆ ಪ್ರಶ್ನಿಸಬೇಕು ಎಂಬ ಪದ್ಧತಿ ನಮ್ಮ ಮನೆಯಲ್ಲೇ, ನಮ್ಮ ಅಜ್ಜಂದಿರ ಕಾಲದಿಂದಲೂ ಇದೆ. ವರ್ಷಕ್ಕೆ ಕೆಲವೇ ಸಂಜೆ ಅದನ್ನು ಬಳಸುತ್ತೇವೆ. ಉಳಿದ ದಿನ ಮರೆತುಬಿಡುತ್ತೇವೆ.

ಮೂರನೆಯ ಸಾಕ್ಷಿಯೇ ಎಲ್ಲಕ್ಕಿಂತ ಮುಖ್ಯವಾಯಿತು. ನಮ್ಮ ತರಗತಿಯ ಒಬ್ಬ ಹುಡುಗಿ ಊರಿನಿಂದ 12 ಕಿಲೋಮೀಟರ್ ಉತ್ತರಕ್ಕಿರುವ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಾಳೆ. ಟಿವಿಯಲ್ಲಿ ಏಳು ಗಂಟೆಯ ಮುಖ್ಯಾಂಶ ಮುಗಿದ ಕೂಡಲೇ ಹೊರಗೆ ಬಟ್ಟೆ ತೆಗೆಯಲು ಬಂದಾಗ ಅವಳೂ ಬೆಳಕನ್ನು ಕಂಡಳು. ಯಾವ ದಿಕ್ಕಿಗೆ ಎಂದು ಕೇಳಿದೆ. ‘ನಮ್ಮ ಹಿತ್ತಲಿನ ಹುಣಸೆಮರದ ಕಡೆ, ಉತ್ತರಕ್ಕೆ’ ಎಂದಳು. ಅವಳ ಲೆಕ್ಕಕ್ಕೂ ಸುಮಾರು ಮೂರು ಮುಷ್ಟಿ. ಎಡದಿಂದ ಬಲಕ್ಕೆ. ಶಬ್ದ ಇಲ್ಲ.

ಸ್ವಲ್ಪ ಯೋಚಿಸಿ. ಆ ಬೆಳಕು ನಮ್ಮ ಊರಿನ ಮೊಹಲ್ಲಾದ ಮೇಲೆ ಹಾರುತ್ತಿದ್ದರೆ, ಊರಿನಿಂದ ಉತ್ತರಕ್ಕಿರುವ ಹಳ್ಳಿಯವರಿಗೆ ಅದು ದಕ್ಷಿಣದಲ್ಲಿ ಕಾಣಬೇಕಿತ್ತು. ಅವಳಿಗೂ ಉತ್ತರದಲ್ಲೇ ಕಂಡಿತು ಎಂದರೆ ಅದು ನಮ್ಮ ಊರನ್ನೂ ದಾಟಿ, ಅವಳ ಹಳ್ಳಿಯನ್ನೂ ದಾಟಿ ಆಚೆ ಇತ್ತು.

ಇದನ್ನು ತೆಗೆದುಕೊಂಡು ನಮ್ಮ ಭೌತಶಾಸ್ತ್ರ ಉಪನ್ಯಾಸಕರ ಬಳಿ ಹೋದೆ. ಅವರು ಹಾಳೆಯ ಮೇಲೆ ಎರಡು ತ್ರಿಕೋನ ಬರೆದು ತೋರಿಸಿದರು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಡ್ರೋನ್ ಹಾರಿಸಬಹುದಾದ ಎತ್ತರ 120 ಮೀಟರ್. 12 ಕಿಲೋಮೀಟರ್ ದೂರದಿಂದ 120 ಮೀಟರ್ ಎಂದರೆ ನೂರಕ್ಕೆ ಒಂದು ಪಾಲು. ಕೈ ಚಾಚಿ ಕಿರುಬೆರಳು ಹಿಡಿದರೆ ಅದರ ಅರ್ಧ ಅಗಲ ಮಾತ್ರ, ನೆಲಕ್ಕೆ ಅಂಟಿಕೊಂಡ ಹಾಗೆ. ಮೂರು ಮುಷ್ಟಿ ಮೇಲೆ ಕಾಣುವುದು ಸಾಧ್ಯವೇ ಇಲ್ಲ. ವಿಮಾನವೇ? ದೂರದ ವಿಮಾನ ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಹೋಗುತ್ತದೆ. ನಮಗೆ ಮೂರು ಮುಷ್ಟಿ ಎತ್ತರದಲ್ಲಿ ಕಂಡರೆ ಅದು ನೆಲದ ಮೇಲಿನ ಲೆಕ್ಕದಲ್ಲಿ 17 ಕಿಲೋಮೀಟರ್ ದೂರ. ಹಳ್ಳಿಯಿಂದ ಐದೇ ಕಿಲೋಮೀಟರ್. ಅವಳಿಗೆ ಆರು ಮುಷ್ಟಿ ಎತ್ತರದಲ್ಲಿ ಕಾಣಬೇಕಿತ್ತು. ಮುಷ್ಟಿಯ ಅಳತೆಯಲ್ಲಿ ಒಂದು ಮುಷ್ಟಿ ಹೆಚ್ಚುಕಡಿಮೆ ಆಗಬಹುದು, ಮೂರು ಮುಷ್ಟಿ ಆಗುವುದು ಕಷ್ಟ. ಜೊತೆಗೆ ಮಿನುಗುವ ದೀಪವೂ ಇರಲಿಲ್ಲ. ಅದೇ ಬೆಳಕು 400 ಕಿಲೋಮೀಟರ್ ಎತ್ತರದಲ್ಲಿದ್ದರೆ, 12 ಕಿಲೋಮೀಟರ್ ಆಚೀಚೆ ನಿಂತ ಇಬ್ಬರಿಗೂ ಒಂದು ಬೆರಳಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಉಲ್ಕೆಯೇ? ನಾನಿ ಹೇಳುವ ‘ತಾರಾ ಟೂಟಾ’? ಉಲ್ಕೆಗಳು ಸೆಕೆಂಡಿಗೆ 11 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತವೆ. ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. 27 ಸೆಕೆಂಡು ನಿಧಾನವಾಗಿ ಸಾಗುವ ಬೆಳಕು ಉಲ್ಕೆಯಂತೆ ಕಾಣುವುದಿಲ್ಲ.

ಉಳಿಯುವುದು ಭೂಮಿಯ ಸುತ್ತ ತಿರುಗುವ ಉಪಗ್ರಹ ಅಥವಾ ಹಳೆಯ ರಾಕೆಟ್ಟಿನ ಭಾಗ. ಇವು ಸಂಜೆಯೇ ಹೆಚ್ಚು ಕಾಣುವುದಕ್ಕೆ ಕಾರಣವಿದೆ. ನಮಗೆ ಸೂರ್ಯ ಮುಳುಗಿ ನೆಲ ಕತ್ತಲಾದರೂ ನೂರಾರು ಕಿಲೋಮೀಟರ್ ಮೇಲಿರುವ ವಸ್ತುವಿಗೆ ಇನ್ನೂ ಬಿಸಿಲು ಬೀಳುತ್ತಿರುತ್ತದೆ. ಅದಕ್ಕೆ ತನ್ನದೇ ದೀಪ ಇಲ್ಲ, ಬಿಸಿಲಿಗೆ ಹೊಳೆಯುತ್ತದೆ. ಪೂರ್ವದ ಕಡೆ ಹೋದಂತೆ ಭೂಮಿಯ ನೆರಳಿಗೆ ಸೇರಿ ಮಂಕಾಗಿ ಆರುತ್ತದೆ. ಉತ್ತರಕ್ಕೆ ಮುಖಮಾಡಿ ನಿಂತವರಿಗೆ ಎಡ ಎಂದರೆ ಪಶ್ಚಿಮ, ಬಲ ಎಂದರೆ ಪೂರ್ವ. ಚಾಚಾ ಹೇಳಿದ್ದಕ್ಕೆ ಇದು ತಾಳೆಯಾಗುತ್ತದೆ. ಅವರು ತಲೆ ಎತ್ತಿದ್ದು ಅದರ ಪ್ರಯಾಣದ ಕೊನೆಯ ಭಾಗಕ್ಕೆ ಇರಬಹುದು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಯಾವ ಊರಿಗೆ ಯಾವಾಗ ಕಾಣುತ್ತದೆ ಎಂಬ ವೇಳಾಪಟ್ಟಿ ಎಲ್ಲರಿಗೂ ಸಿಗುತ್ತದೆ. ಆ ಸಂಜೆ 7 ಗಂಟೆ 4 ನಿಮಿಷಕ್ಕೆ ಅದು ನಮ್ಮ ಆಕಾಶದಲ್ಲಿ ಇರಲಿಲ್ಲ. ಸ್ಟಾರ್‌ಲಿಂಕ್ ಉಪಗ್ರಹಗಳೇ? 2019ರ ಮೇ ತಿಂಗಳಲ್ಲಿ ಮೊದಲ ಬಾರಿಗೆ 60 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದ ಮೇಲೆ ಅನೇಕ ದೇಶಗಳಲ್ಲಿ ಜನ ರೈಲಿನ ಹಾಗೆ ಸಾಲಾಗಿ ಹೋಗುವ ದೀಪಗಳನ್ನು ಕಂಡು ಗಾಬರಿಯಾಗಿದ್ದಾರೆ. ಆದರೆ ಅಂದು ಸಾಲು ಇರಲಿಲ್ಲ, ಒಂದೇ ಚುಕ್ಕೆ. ಉಳಿದ ಸಾವಿರಾರು ಉಪಗ್ರಹಗಳಲ್ಲಿ ಅದು ಯಾವುದು ಎಂದು ನನಗೆ ಹುಡುಕಲು ಆಗಲಿಲ್ಲ.

ಪ್ರಥಮ ಪಿಯುಸಿಯಲ್ಲಿ ನಾವು ಸಸ್ಪೆನ್ಸ್ ಅಕೌಂಟ್ ಎಂಬುದನ್ನು ಓದುತ್ತೇವೆ. ತಾಳೆಪಟ್ಟಿಯ ಎರಡು ಬದಿ ಸರಿಹೊಂದದಿದ್ದರೆ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಆ ಖಾತೆಯಲ್ಲಿ ಇಡುತ್ತಾರೆ. ತಪ್ಪು ಎಲ್ಲಿದೆ ಎಂದು ಸಿಕ್ಕ ಮೇಲೆ ಅಲ್ಲಿಂದ ತೆಗೆಯುತ್ತಾರೆ. ವ್ಯತ್ಯಾಸ ಬಂತೆಂದು ಆ ಮೊತ್ತವನ್ನು ಯಾವನೋ ಗಿರಾಕಿಯ ಖಾತೆಗೆ ಬರೆದುಬಿಡುವುದಿಲ್ಲ. ಹಾಗೆ ಬರೆದರೆ ಪಟ್ಟಿ ಸರಿಹೊಂದಿದಂತೆ ಕಾಣುತ್ತದೆ, ಆದರೆ ಅದು ಮೋಸ. ಆ ಬೆಳಕು ಈಗ ಸಸ್ಪೆನ್ಸ್ ಅಕೌಂಟಿನಲ್ಲಿದೆ. ಡ್ರೋನ್ ಅಲ್ಲ, ವಿಮಾನದಂತಿಲ್ಲ, ಉಲ್ಕೆಯಂತಿಲ್ಲ, ಬಹುಶಃ ಉಪಗ್ರಹ, ಯಾವುದೆಂದು ಗೊತ್ತಾಗಿಲ್ಲ. ಇಷ್ಟೇ ನನ್ನ ಕೈಯಲ್ಲಿರುವ ಲೆಕ್ಕ. ಆದರೆ ಇಷ್ಟರಿಂದಲೇ ಆ ಹುಡುಗನ ಹೆಸರು ಖಾತೆಯಿಂದ ಹೊರಬಂತು.

ಎಲ್ಲಾ ಬೆಳಕೂ ಹೀಗೆ ಉಳಿಯಬೇಕೆಂದಿಲ್ಲ. 2022ರ ಏಪ್ರಿಲ್ 2ರ ಸಂಜೆ ನೆನಪಿಸಿಕೊಳ್ಳಿ. ಅಂದು ಯುಗಾದಿ, ಜೊತೆಗೆ ನಮ್ಮಲ್ಲಿ ರಮಜಾನ್ ಚಂದ್ರ ಕಂಡ ಸಂಜೆ. ರಾತ್ರಿ ಏಳೂಮುಕ್ಕಾಲರ ಸುಮಾರಿಗೆ ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶದ ಹಲವು ಜಿಲ್ಲೆಗಳಲ್ಲಿ ಬೆಂಕಿಯ ಗೆರೆಗಳು ಆಕಾಶವನ್ನು ದಾಟಿ ಹೋದವು. ಮೊದಲು ಉಲ್ಕೆ ಎಂಬ ಮಾತು ಹಬ್ಬಿತು. ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಲಾಡ್‌ಬೋರಿ ಗ್ರಾಮದಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಸಿಕ್ಕಿತು. ಅದೇ ತಾಲ್ಲೂಕಿನಲ್ಲಿ ಒಂದು ಲೋಹದ ಗೋಳವೂ ಸಿಕ್ಕಿತು. ಚೀನಾ 2021ರ ಫೆಬ್ರವರಿಯಲ್ಲಿ ಹಾರಿಸಿದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೂರನೇ ಹಂತ ಅದೇ ಹೊತ್ತಿನ ಆಸುಪಾಸಿನಲ್ಲಿ ವಾತಾವರಣಕ್ಕೆ ಬೀಳಬೇಕಿತ್ತು, ಅದರ ದಾರಿಯೂ ಹೊಂದುತ್ತದೆ ಎಂದು ಖಗೋಳ ವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ ತಿಳಿಸಿದರು. ಜನ ತೆಗೆದ ವಿಡಿಯೊಗಳಲ್ಲಿ ಸಮಯ ಮತ್ತು ದಿಕ್ಕು ಇದ್ದದ್ದರಿಂದ ಅವರಿಗೆ ತಾಳೆ ನೋಡಲು ಸಾಧ್ಯವಾಯಿತು.

ಅದೇ ವರ್ಷ ಡಿಸೆಂಬರ್ 15ರ ಸಂಜೆ ಪಶ್ಚಿಮ ಬಂಗಾಳ ಮತ್ತು ಈಶಾನ್ಯ ರಾಜ್ಯಗಳ ಜನ ಟಾರ್ಚಿನ ಬೆಳಕು ಹರಡಿದಂತೆ ಒಂದು ಪ್ರಭೆಯನ್ನು ಕಂಡರು. ಕೆಲವು ನಿಮಿಷದಲ್ಲಿ ಅದು ಮಾಯವಾಯಿತು. ಆ ಸಂಜೆಯೇ ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಅಗ್ನಿ-5 ಕ್ಷಿಪಣಿಯ ಪರೀಕ್ಷೆ ನಡೆದಿತ್ತು. ನೆಲದಲ್ಲಿ ಕತ್ತಲಾಗಿದ್ದರೂ ಮೇಲೆ ಹೊಗೆಗೆ ಬಿಸಿಲು ಬಿದ್ದು ಹೊಳೆದಿತ್ತು.

ನಮ್ಮ ರಾಜ್ಯದ ಉದಾಹರಣೆಯೂ ಇದೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಆಕಾಶದಿಂದ ದೊಡ್ಡ ಬಲೂನು ಮತ್ತು ಯಂತ್ರ ಬಿದ್ದು ಜನ ಹೆದರಿದ್ದರು. ಅದು ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ವಾತಾವರಣದ ಅಧ್ಯಯನಕ್ಕೆ ಹಾರಿಸಿದ್ದು. ಹೆದರಿಕೆಯಿಂದ ಅದಕ್ಕೆ ಬೇರೆ ಹೆಸರು ಕೊಟ್ಟು ಯಂತ್ರವನ್ನು ಒಡೆದುಹಾಕಿದ್ದರೆ ಎಷ್ಟೋ ಜನರ ಶ್ರಮ ಹಾಳಾಗುತ್ತಿತ್ತು.

ಕಣ್ಣಿನ ಮೇಲೆ ಅಷ್ಟೊಂದು ಅನುಮಾನ ಬೇಕೇ ಎಂದು ಕೇಳಬಹುದು. ಸುಮಾರು ಸಾವಿರ ವರ್ಷದ ಹಿಂದೆ ಬಸ್ರಾದ ಇಬ್ನುಲ್ ಹೈಸಮ್ ಅವರು ‘ಕಿತಾಬುಲ್ ಮನಾಜಿರ್’ ಎಂಬ ದೊಡ್ಡ ಗ್ರಂಥ ಬರೆದರು. ವಸ್ತುವಿನಿಂದ ಬೆಳಕು ಬಂದು ಕಣ್ಣನ್ನು ಸೇರುವುದರಿಂದ ನೋಟ ಉಂಟಾಗುತ್ತದೆ, ದೂರ ಮತ್ತು ಗಾತ್ರವನ್ನು ಮನಸ್ಸು ಅಂದಾಜು ಮಾಡುತ್ತದೆ ಎಂದು ಅವರು ವಿವರಿಸಿದರು. ಹುಟ್ಟುವ ಚಂದ್ರ ದೊಡ್ಡದಾಗಿ ಕಾಣುವುದು ಮನಸ್ಸಿನ ಅಂದಾಜಿನಿಂದ ಎಂದೂ ಹೇಳಿದರು. ಬರಿ ಆಕಾಶದಲ್ಲಿ ಒಂದು ಚುಕ್ಕೆ ಕಂಡಾಗ ಪಕ್ಕದಲ್ಲಿ ಹೋಲಿಸಲು ಮರವಿಲ್ಲ, ಮನೆಯಿಲ್ಲ. ನೂರು ಮೀಟರೋ ನಾನೂರು ಕಿಲೋಮೀಟರೋ ಎಂದು ಯಾವ ಕಣ್ಣಿಗೂ ತಿಳಿಯುವುದಿಲ್ಲ. ‘ನಮ್ಮ ಟ್ಯಾಂಕಿನ ಮೇಲೇ ಇತ್ತು’ ಎಂದು ಹೇಳಿದವರ ಕಣ್ಣು ಸರಿಯಾಗಿಯೇ ಇತ್ತು. ದೂರವನ್ನು ಸೇರಿಸಿದ್ದು ಮನಸ್ಸು. ಆ ದೂರವನ್ನು ಬಿಡಿಸಲು ಇನ್ನೊಂದು ಕಡೆ ನಿಂತ ಇನ್ನೊಬ್ಬರ ಕಣ್ಣು ಬೇಕಾಯಿತು.

ಈ ವಿಷಯ ಮಾತಾಡಿದಾಗ ಗೆಳೆಯರು ಎರಡು ಆಕ್ಷೇಪ ಹೇಳಿದರು. ಮೊದಲನೆಯದು, ಸ್ಟೇಟಸ್ ಹಾಕಿದ್ದು ತಮಾಷೆಗೆ, ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೇ ಎಂದು. ತಮಾಷೆಯಲ್ಲಿ ಒಂದು ಮೊಹಲ್ಲಾದ ಹೆಸರು ಇಲ್ಲದಿದ್ದರೆ ನಾನೂ ನಗುತ್ತಿದ್ದೆ. ಎರಡನೆಯದು ಗಟ್ಟಿ ಆಕ್ಷೇಪ. ನಿಜವಾಗಿಯೂ ಅಪಾಯವೇ ಆಗಿದ್ದರೆ? ದಿಕ್ಕು, ಡಿಗ್ರಿ ಬರೆಯುತ್ತ ಕೂರುವುದಕ್ಕಿಂತ ಎಲ್ಲರನ್ನೂ ಎಚ್ಚರಿಸುವುದು ಮೇಲಲ್ಲವೇ? ಇದನ್ನು ನಾನು ತಳ್ಳಿಹಾಕುವುದಿಲ್ಲ. ಅಪಾಯ ಎನ್ನಿಸಿದರೆ 112ಕ್ಕೆ ಕರೆ ಮಾಡಬೇಕು. ಆದರೆ ಅಲ್ಲಿಯೂ ಮೊದಲು ಕೇಳುವುದು ಎಲ್ಲಿ, ಯಾವಾಗ, ಏನು ಕಂಡಿರಿ ಎಂದೇ. ಎಚ್ಚರಿಕೆ ಕೊಡುವವರಿಗೆ ಈ ಮೂರರ ಉತ್ತರ ಬೇಕು. ಆ ರಾತ್ರಿಯ ಫಾರ್ವರ್ಡಿನಲ್ಲಿ ಸಮಯ ಇರಲಿಲ್ಲ, ದಿಕ್ಕು ಇರಲಿಲ್ಲ. ಇದ್ದದ್ದು ಹೆಸರು ಮಾತ್ರ. ಅದನ್ನು ಎಚ್ಚರಿಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಕೊನೆಯದಾಗಿ ಪ್ರಾಂಶುಪಾಲರಲ್ಲಿ ಮತ್ತು ಅಧ್ಯಾಪಕ ವರ್ಗದಲ್ಲಿ ನನ್ನದೊಂದು ವಿನಂತಿ. ನಮ್ಮ ಗ್ರಂಥಾಲಯದಲ್ಲಿ, ಗೇಟ್ ರಿಜಿಸ್ಟರ್ ಇರುವ ಹಾಗೆಯೇ, ಆಕಾಶಕ್ಕೂ ಒಂದು ರಿಜಿಸ್ಟರ್ ಇಡಬೇಕು. ಒಂದು ಉದ್ದದ ಲೆಡ್ಜರ್ ಪುಸ್ತಕ ಸಾಕು. ಅದರಲ್ಲಿ ಕಾಲಂಗಳು ಹೀಗಿರಲಿ: ತಾರೀಖು, ಗಡಿಯಾರ ನೋಡಿದ ಸಮಯ, ನಿಂತ ಜಾಗ, ದಿಕ್ಕು, ಎಷ್ಟು ಮುಷ್ಟಿ ಎತ್ತರ, ಯಾವ ಕಡೆಯಿಂದ ಯಾವ ಕಡೆಗೆ, ಎಷ್ಟು ಸೆಕೆಂಡು, ಬಣ್ಣ, ಶಬ್ದ, ಜೊತೆಗಿದ್ದವರು. ‘ಏನಿರಬಹುದು’ ಎಂಬ ಕಾಲಂ ಎಲ್ಲಕ್ಕಿಂತ ಕೊನೆಯಲ್ಲಿ ಇರಲಿ. ಅದನ್ನು ಖಾಲಿ ಬಿಡಲು ಎಲ್ಲರಿಗೂ ಅನುಮತಿ ಇರಲಿ. ಭೌತಶಾಸ್ತ್ರ ವಿಭಾಗದವರು ತಿಂಗಳಿಗೊಮ್ಮೆ ನೋಡಿ ಗೊತ್ತಾದದ್ದಕ್ಕೆ ಸಹಿ ಹಾಕಲಿ. ಕಾಲಂ ಗೆರೆ ಎಳೆದು ಪುಸ್ತಕವನ್ನು ಅಚ್ಚುಕಟ್ಟಾಗಿ ಇಡುವ ಕೆಲಸವನ್ನು ನಮ್ಮ ವಾಣಿಜ್ಯ ವಿಭಾಗ ಮಾಡುತ್ತದೆ. ಅದರಲ್ಲಿ ನಮಗೆ ಅಭ್ಯಾಸವಿದೆ.

ನಮ್ಮ ಕಾಲೇಜಿಗೆ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಇದು ದೊಡ್ಡ ಶಕ್ತಿ. ಒಂದೇ ಬೆಳಕನ್ನು ಇಪ್ಪತ್ತು ಜಾಗದಿಂದ ನೋಡುವ ಕಣ್ಣುಗಳು ನಮ್ಮಲ್ಲಿವೆ. ಮುಂದಿನ ಸಲ ಯಾರ ಹೆಸರಾದರೂ ಫಾರ್ವರ್ಡಿನಲ್ಲಿ ಬರುವ ಮೊದಲು ಈ ಕಣ್ಣುಗಳನ್ನು ಕೇಳೋಣ. ಮೊದಲ ಪುಟದ ಮೊದಲ ಸಾಲಿಗೆ ಆ ಸಂಜೆಯ 7 ಗಂಟೆ 4 ನಿಮಿಷದ ವಿವರವನ್ನು ನಾನೇ ಬರೆದುಕೊಡುತ್ತೇನೆ. ಕೊನೆಯ ಕಾಲಂ ಖಾಲಿ ಇರುತ್ತದೆ. ಉತ್ತರ ಸಿಕ್ಕವರು ದಯವಿಟ್ಟು ತುಂಬಿಸಿ, ವೋಚರ್ ಸಮೇತ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ